ಕಡಿವಾಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು: ಪ್ರಬಂಧ, ವರದಿ, ಅನುವಾದ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಪ್ರಬಂಧ ತಿದ್ದುವುದು ನನ್ನ ಕೆಲಸ. ಹೋದ ತಿಂಗಳು ಒಂದೇ ಕಟ್ಟಿನಲ್ಲಿ 32 ಪ್ರಬಂಧ ಬಂದವು. ವಿಷಯಗಳು ಬೇರೆ ಬೇರೆ: ಬೆಲೆ ಏರಿಕೆ, ದೇವದಾಸಿ ಪದ್ಧತಿ, ಶಬ್ದ ಮಾಲಿನ್ಯ, ಮರಳು ದಂಧೆ. ಆದರೆ 27 ಪ್ರಬಂಧಗಳ ಕೊನೆಯ ಸಾಲು ಮಾತ್ರ ಒಂದೇ. 'ಇದಕ್ಕೆ ಕಡಿವಾಣ ಹಾಕಬೇಕಾಗಿದೆ.'

ಇದನ್ನು ತಿದ್ದಿ ತಿದ್ದಿ ಸಾಕಾಗಿದೆ. ತರಗತಿಯಲ್ಲಿ ಹೇಳಿದ್ದೇನೆ, ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಮುಂದಿನ ವಾರ ಮತ್ತೆ ಅದೇ. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಒಂದೇ ಕಡೆ, ಅನುಕ್ರಮವಾಗಿ ಬರೆದಿಡುತ್ತಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದರೆ ವ್ಯಾಕರಣ ಸರಿಯಾಗುತ್ತದೆ, ಅರ್ಥ ತಪ್ಪಾಗಿಯೇ ಉಳಿಯುತ್ತದೆ.

ಮೊದಲು ಕೈಯಲ್ಲಿ ಏನಿರಬೇಕು

ಜಾಸ್ತಿ ಏನೂ ಬೇಡ. ನೀವೇ ಬರೆದ ಒಂದು ಹಳೆಯ ಪ್ರಬಂಧ, ಒಂದು ಪೆನ್ಸಿಲ್, ಒಂದು ಖಾಲಿ ಹಾಳೆ. ಪ್ರಬಂಧದಲ್ಲಿ ಕಡಿವಾಣ, ಲಗಾಮು, ಅಂಕುಶ, ಮೂಗುದಾರ, ಬ್ರೇಕ್ ಎಂಬ ಮಾತು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಸುತ್ತು ಹಾಕಿ. ತಿದ್ದಲು ಹೋಗಬೇಡಿ, ಸುಮ್ನೆ ಸುತ್ತು ಹಾಕಿ. ಒಂದು ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸುತ್ತು ಬಿದ್ದರೆ ಈ ಮಾರ್ಗದರ್ಶಿ ನಿಮಗಾಗಿಯೇ ಬರೆದದ್ದು.

ಹಂತ 1: ಕುದುರೆಯ ಬಾಯಲ್ಲಿ ಏನಿದೆ ಅಂತ ನೋಡಿ

ಬೇಕಾದಷ್ಟು ಜನರಿಗೆ ಕಡಿವಾಣ ಅಂದರೆ ಹಗ್ಗ ಅಂತಲೇ ತಿಳಿವಳಿಕೆ. ಅಲ್ಲ. ಕಡಿವಾಣ ಎಂದರೆ ಕುದುರೆಯ ಬಾಯೊಳಗೆ ಅಡ್ಡ ಕೂರುವ ಕಬ್ಬಿಣದ ತುಂಡು. ಕುದುರೆಯ ಮುಂದಿನ ಹಲ್ಲುಗಳಿಗೂ ಹಿಂದಿನ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಖಾಲಿ ಜಾಗ ಇರುತ್ತದೆ. ಕಡಿವಾಣ ಅಲ್ಲಿ, ಬರಿಯ ವಸಡಿನ ಮೇಲೆ ಕೂರುತ್ತದೆ. ಅದರ ಎರಡೂ ತುದಿಗೆ ಬಳೆ. ಆ ಬಳೆಗೆ ಕಟ್ಟಿದ ಹಗ್ಗ ಅಥವಾ ತೊಗಲಿನ ಪಟ್ಟಿ ಸವಾರನ ಕೈವರೆಗೆ ಬರುತ್ತದೆ. ಕೈಗೆ ಬರುವ ಆ ಭಾಗವನ್ನು ನಾವು ಲಗಾಮು ಎನ್ನುತ್ತೇವೆ. ಹಳೆಯ ಕಾವ್ಯಗಳಲ್ಲಿ ಇದಕ್ಕೆ ವಾಘೆ ಎಂಬ ಮಾತೂ ಇದೆ. ಪ್ರಬಂಧಕ್ಕೆ ಅದು ಬೇಡ.

ಮಾತಿನಲ್ಲಿ ಎರಡೂ ಕಲಸಿಹೋಗಿವೆ, ನಿಜ. ಇಡೀ ಸಾಮಾನಿಗೇ ಕಡಿವಾಣ ಅನ್ನುವವರಿದ್ದಾರೆ, ಇಡೀ ಸಾಮಾನಿಗೇ ಲಗಾಮು ಅನ್ನುವವರೂ ಇದ್ದಾರೆ. ತಪ್ಪೇನಿಲ್ಲ. ಆದರೆ ಬರೆಯುವವರ ತಲೆಯಲ್ಲಿ ಈ ಎರಡು ವಸ್ತು ಬೇರೆ ಬೇರೆಯಾಗಿ ಕಾಣುತ್ತಿರಬೇಕು. ಬಾಯೊಳಗಿನದು ಕಬ್ಬಿಣ, ಕೈಯಲ್ಲಿರುವುದು ಹಗ್ಗ. ನಾಲ್ಕನೇ ಹಂತದಲ್ಲಿ ಇದು ಬೇಕಾಗುತ್ತದೆ.

ಪುಸ್ತಕದಲ್ಲಿ ಚಿತ್ರ ಹುಡುಕುವುದಕ್ಕಿಂತ ಸುಲಭದ ದಾರಿ ಒಂದಿದೆ. ವಿಜಯಪುರದವರಾದರೆ ಗೋಳಗುಮ್ಮಟದ ಮುಂದೆ ಟಾಂಗಾ ನಿಲ್ಲುವಲ್ಲಿಗೆ ಹೋಗಿ. ಹತ್ತು ನಿಮಿಷ ನಿಂತು ಕುದುರೆಯ ಬಾಯಿ ನೋಡಿ. ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಜಾತ್ರೆಯ ಕುದುರೆ ಗಾಡಿ ಓಟ ಇದ್ದೇ ಇದೆ. ನಾನು ಒಮ್ಮೆ ಇಬ್ಬರು ವಿದ್ಯಾರ್ಥಿಗಳನ್ನು ಹೀಗೆ ಕರೆದುಕೊಂಡು ಹೋಗಿದ್ದೆ. ಅವರಲ್ಲೊಬ್ಬ ಟಾಂಗಾದ ಹಿರಿಯರನ್ನು ಕೇಳಿದ: 'ಕಾಕಾ, ಕುದುರಿ ನಿಲ್ಸಾಕ ಕಡಿವಾಣ ಹಾಕ್ತೀರೇನ್ರಿ?'

ಅವರು ನಕ್ಕರು. 'ನಿಲ್ಸೂದಿದ್ರ ಗೂಟಕ್ಕ ಕಟ್ತೀವಿ ತಮ್ಮಾ. ಕಡಿವಾಣ ಹಾಕೂದು ಓಡ್ಸಾಕ.'

ನಾನು ಒಂದು ವರ್ಷದಿಂದ ಹೇಳುತ್ತಿದ್ದದ್ದನ್ನು ಅವರು ಎರಡು ಸಾಲಿನಲ್ಲಿ ಮುಗಿಸಿದರು. ಮುಂದಿನ ಹಂತ ಪೂರ್ತಿ ಈ ಮಾತಿನ ಮೇಲೆಯೇ ನಿಂತಿದೆ.

ಹಂತ 2: ಅದು ನಿಲ್ಲಬೇಕೋ, ನಿಧಾನವಾಗಬೇಕೋ ಕೇಳಿಕೊಳ್ಳಿ

ಕಡಿವಾಣ ಹಾಕಿದ ಕುದುರೆ ಸತ್ತ ಕುದುರೆಯಲ್ಲ, ಕಟ್ಟಿಹಾಕಿದ ಕುದುರೆಯೂ ಅಲ್ಲ. ಅದು ಓಡುತ್ತದೆ. ಆದರೆ ಸವಾರ ಹೇಳಿದ ಕಡೆ, ಹೇಳಿದಷ್ಟು ವೇಗದಲ್ಲಿ. ಹಾಗಾಗಿ 'ಒಂದಕ್ಕೆ ಕಡಿವಾಣ ಹಾಕು' ಎಂದರೆ ಒಳ ಅರ್ಥ ಇಷ್ಟು: ಅದು ಇರಲಿ, ಆದರೆ ಮಿತಿಯಲ್ಲಿ ಇರಲಿ.

ಸುತ್ತು ಹಾಕಿದ ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಿ. ಈ ವಸ್ತು ಸ್ವಲ್ಪ ಇದ್ದರೆ ನನಗೆ ಒಪ್ಪಿಗೆಯಾ? ಒಪ್ಪಿಗೆ ಅಂದರೆ ಕಡಿವಾಣ ಸರಿ. ಸ್ವಲ್ಪವೂ ಇರಬಾರದು ಅಂದರೆ ಕಡಿವಾಣ ತಪ್ಪು.

ಮನೆಯ ಉದಾಹರಣೆಯಿಂದ ಶುರು ಮಾಡೋಣ. ಸಕ್ಕರೆ ಕಾಯಿಲೆ ಇರುವ ಒಬ್ಬರು ಬೆಳಗಾವಿಗೆ ಹೋದಾಗಲೆಲ್ಲ ಕುಂದಾ ಕಟ್ಟಿಸಿಕೊಂಡು ಬರುತ್ತಾರೆ ಅಂತಿಟ್ಟುಕೊಳ್ಳಿ. ಡಾಕ್ಟರು 'ಕುಂದಾ ಬಿಡಿ' ಅಂದರು. ಇವರು ಮನೆಗೆ ಬಂದು 'ಡಾಕ್ಟರು ಕುಂದಾಕ್ಕ ಕಡಿವಾಣ ಹಾಕ್ರಿ ಅಂದಾರ' ಎಂದರು. ಅವರಿಗೆ ಕನ್ನಡ ಚೆನ್ನಾಗಿ ಗೊತ್ತು! ಬಿಡು ಅಂದರೆ ಒಂದು ಚೂರೂ ಇಲ್ಲ. ಕಡಿವಾಣ ಅಂದರೆ ದಿನಕ್ಕೊಂದು ಚಮಚ ನಡೆಯುತ್ತದೆ. ಆ ಒಂದು ಚಮಚದ ಜಾಗವೇ ಈ ನುಡಿಗಟ್ಟಿನ ಜಾಗ.

ಈಗ ಪ್ರಬಂಧದ ವಿಷಯಕ್ಕೆ ಬನ್ನಿ. 'ಹಣದುಬ್ಬರಕ್ಕೆ ಕಡಿವಾಣ ಹಾಕಬೇಕು.' ಇದು ನೂರಕ್ಕೆ ನೂರು ಸರಿ. ರಿಸರ್ವ್ ಬ್ಯಾಂಕಿನ ಗುರಿ ಹಣದುಬ್ಬರವನ್ನು ಸೊನ್ನೆಗೆ ತರುವುದಲ್ಲ. ಶೇ 4ರ ಆಸುಪಾಸು ಇರಬೇಕು, ಶೇ 2ಕ್ಕಿಂತ ಇಳಿಯಬಾರದು, ಶೇ 6 ದಾಟಬಾರದು ಎಂಬುದು 2016ರಿಂದ ಇರುವ ಲೆಕ್ಕ. ತೀರಾ ನಿಧಾನವಾದರೂ ತೊಂದರೆ, ತೀರಾ ಜೋರಾದರೂ ತೊಂದರೆ. ಕುದುರೆ ಸವಾರಿ ಅಂದರೆ ಇದೇ ತಾನೇ?

'ದೇವದಾಸಿ ಪದ್ಧತಿಗೆ ಕಡಿವಾಣ ಹಾಕಬೇಕು.' ಇದನ್ನು ನಮ್ಮ ಕಡೆಯ ಹುಡುಗರೇ ಹೆಚ್ಚು ಬರೆಯುತ್ತಾರೆ, ಏಕೆಂದರೆ ವಿಷಯ ನಮ್ಮ ಜಿಲ್ಲೆಗಳದ್ದೇ. ಸ್ವಲ್ಪ ದೇವದಾಸಿ ಪದ್ಧತಿ ಇದ್ದರೆ ನಡೆಯುತ್ತದೆಯೇ? ಬರೆದವನನ್ನು ಕೇಳಿದರೆ ಬೆಚ್ಚಿಬೀಳುತ್ತಾನೆ. ಆದರೆ ಅವನ ವಾಕ್ಯ ಹೇಳುತ್ತಿರುವುದು ಅದನ್ನೇ. 1982ರ ಕರ್ನಾಟಕದ ಕಾಯ್ದೆಯ ಹೆಸರಿನಲ್ಲೇ ಇರುವ ಮಾತು ನಿಷೇಧ: ದೇವದಾಸಿಯಾಗಿ ಸಮರ್ಪಿಸುವುದರ ನಿಷೇಧ. ಅಲ್ಲಿ 'ಕೊನೆಗಾಣಿಸಬೇಕು', 'ಬೇರುಸಹಿತ ಕಿತ್ತುಹಾಕಬೇಕು' ಅಂತ ಬರೆಯಿರಿ. ಬಾಲ್ಯವಿವಾಹಕ್ಕೂ ಇದೇ ಮಾತು. ಅದರ 2006ರ ಕಾಯ್ದೆಯೂ ನಿಷೇಧ ಕಾಯ್ದೆಯೇ.

ಬಾಲಕಾರ್ಮಿಕರ ವಿಷಯ ಇನ್ನೂ ಚೆನ್ನಾಗಿ ಕಲಿಸುತ್ತದೆ. 1986ರ ಕಾಯ್ದೆಯ ಹೆಸರಿನಲ್ಲಿ ನಿಷೇಧ ಮತ್ತು ನಿಯಂತ್ರಣ, ಎರಡೂ ಮಾತು ಇದ್ದವು. 2016ರ ತಿದ್ದುಪಡಿಯ ನಂತರ ಗೆರೆ ಸ್ಪಷ್ಟವಾಯಿತು. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಮನೆಯವರ ಸ್ವಂತ ಕಸುಬಿನಲ್ಲಿ ಶಾಲೆ ಬಿಟ್ಟ ಹೊತ್ತಿನಲ್ಲಿ ನೆರವಾಗುವುದರಂಥ ಕೆಲವೇ ವಿನಾಯಿತಿ. 14ರಿಂದ 18 ವರ್ಷದವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ, ಬೇರೆ ಕೆಲಸಕ್ಕೆ ಕಟ್ಟುಪಾಡುಗಳಿವೆ. ಮೊದಲನೆಯದು ನಿಲ್ಲಿಸುವ ಮಾತು. ಎರಡನೆಯದು ಕಡಿವಾಣದ ಮಾತು. ಒಂದೇ ಪ್ರಬಂಧದಲ್ಲಿ ಎರಡನ್ನೂ ಅವುಗಳ ಜಾಗದಲ್ಲಿ ಬಳಸಿದ ವಿದ್ಯಾರ್ಥಿ ನನಗೆ ಈವರೆಗೆ ಒಬ್ಬಳೇ ಸಿಕ್ಕಿದ್ದು.

ಇಲ್ಲಿ ಒಂದು ಸೂಕ್ಷ್ಮ ಇದೆ. 'ಮರಳುಗಾರಿಕೆಗೆ ಕಡಿವಾಣ' ಸರಿ. ಮನೆ ಕಟ್ಟಲು ಮರಳು ಬೇಕೇ ಬೇಕು, ಮಿತಿ ಬೇಕು ಅಷ್ಟೆ. 'ಅಕ್ರಮ ಮರಳುಗಾರಿಕೆಗೆ ಕಡಿವಾಣ' ಅಂದ ಕೂಡಲೇ ವಾಕ್ಯ ಕುಂಟುತ್ತದೆ. ಅಕ್ರಮ ಅಂತ ನೀವೇ ಹೇಳಿದ ಮೇಲೆ ಅದು ಮಿತಿಯಲ್ಲಿ ನಡೆಯಲಿ ಅನ್ನುವುದು ಹೇಗೆ? ಅಲ್ಲಿ 'ತಡೆಯಬೇಕು' ಸಾಕು. ಅಕ್ರಮ, ಹಾವಳಿ, ಪಿಡುಗು, ದಂಧೆ ಎಂಬ ಮಾತಿನ ಪಕ್ಕದಲ್ಲಿ ಕಡಿವಾಣ ಕಂಡರೆ ಅದು ಎಚ್ಚರಿಕೆಯ ಗುರುತು. ಒಮ್ಮೆ ನಿಂತು ಓದಿ.

'ಸರ್, ಪೇಪರ್‌ನಾಗ ದಿನಾ ಹಂಗ ಬರೀತಾರಲ್ರೀ' ಅಂತ ಕೇಳುತ್ತೀರಿ, ಗೊತ್ತು. ಬರೀತಾರೆ. ಕಡಿವಾಣ ಎಂಬುದು ನಾಲ್ಕೇ ಅಕ್ಷರ, ತಲೆಬರಹದಲ್ಲಿ ಚೆನ್ನಾಗಿ ಕೂರುತ್ತದೆ. ಹಾಗೆ ಬಳಸಿ ಬಳಸಿ 'ತಡೆ' ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿದೆ. 'ಭ್ರಷ್ಟಾಚಾರಕ್ಕೆ ಕಡಿವಾಣ' ಅಂತ ಬರೆದರೆ ನಾನು ಅಂಕ ಕಳೆಯುವುದಿಲ್ಲ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕುತ್ತೇನೆ: ಎಷ್ಟು ಲಂಚ ನಡೆಯಬಹುದು?

ಹಂತ 3: ಕುದುರೆ, ಸವಾರ, ಹಗ್ಗ ಮೂರನ್ನೂ ಹಾಳೆಯ ಮೇಲೆ ಬರೆಯಿರಿ

ಖಾಲಿ ಹಾಳೆಯನ್ನು ಈಗ ತೆಗೆದುಕೊಳ್ಳಿ. ಮೂರು ಕಾಲಂ ಎಳೆಯಿರಿ. ಕುದುರೆ ಯಾವುದು? ಸವಾರ ಯಾರು? ಹಗ್ಗ ಯಾವುದು? ಎರಡನೇ ಹಂತದಲ್ಲಿ ಪಾಸಾದ ಪ್ರತಿ ವಾಕ್ಯಕ್ಕೂ ಈ ಮೂರು ಮನೆ ತುಂಬಿಸಿ.

ಕುದುರೆ ಅಂದರೆ ತಾನಾಗಿಯೇ ಓಡುವ, ಓಡುತ್ತಾ ಓಡುತ್ತಾ ಕೈ ಮೀರುವ ವಸ್ತು. ಆಸೆ, ಕೋಪ, ಖರ್ಚು, ವೇಗ, ಬೆಲೆ, ಸದ್ದು, ನಾಲಿಗೆ. ನಾಲಿಗೆಯಷ್ಟು ಚೆಂದ ಹೊಂದುವುದು ಬೇರೆ ಯಾವುದೂ ಇಲ್ಲ. ಕಡಿವಾಣ ಕೂರುವುದೇ ಬಾಯಲ್ಲಿ. 'ನಾಲಗಿಗೆ ಲಗಾಮಿಲ್ಲ ನೋಡು ಅವಂಗ' ಅಂತ ನಮ್ಮ ಅವ್ವಂದಿರು ಅನ್ನುವಾಗ ಅಲಂಕಾರ ಮಾಡುತ್ತಿಲ್ಲ, ಕಣ್ಣಿಗೆ ಕಂಡದ್ದನ್ನು ಹೇಳುತ್ತಿದ್ದಾರೆ.

ಓಡದೆ ನಿಂತದ್ದಕ್ಕೆ ಕಡಿವಾಣ ಹಾಕಬೇಡಿ. 'ಬಡತನಕ್ಕೆ ಕಡಿವಾಣ', 'ಅನಕ್ಷರತೆಗೆ ಕಡಿವಾಣ' ಇವೆಲ್ಲ ನಿಂತ ಕೆಸರಿಗೆ ಜೀನು ಬಿಗಿದಂತೆ. ಬಡತನ ನೀಗಬೇಕು, ಅನಕ್ಷರತೆ ಹೋಗಬೇಕು.

ನೀರಿಗೂ ಬೇಡ. 'ಆಲಮಟ್ಟಿಯ ಹೊರಹರಿವಿಗೆ ಕಡಿವಾಣ' ಅಂತ ಒಬ್ಬ ಬರೆದಿದ್ದ. ಅಣೆಕಟ್ಟೆಗೆ 26 ಗೇಟುಗಳಿವೆ. ಗೇಟು ಇಳಿಸಿ ಹೊರಹರಿವು ತಗ್ಗಿಸುತ್ತಾರೆ. ಕಣ್ಣೆದುರು ಗೇಟು ಇರುವಾಗ ಕುದುರೆಯ ಸಾಮಾನು ಯಾಕೆ?

ಸವಾರನ ಕಾಲಂನಲ್ಲಿ ಹೆಚ್ಚಿನವರು ಸೋಲುತ್ತಾರೆ. 'ಕಡಿವಾಣ ಹಾಕಬೇಕಾಗಿದೆ' ಎಂಬ ವಾಕ್ಯದಲ್ಲಿ ಸವಾರನೇ ಇಲ್ಲ. ಯಾರು ಹಾಕಬೇಕು? ಗ್ರಾಮ ಪಂಚಾಯಿತಿಯೇ, ಪೊಲೀಸರೇ, ಸಕ್ಕರೆ ಕಾರ್ಖಾನೆಯೇ, ನಾವೇ? ಕಾಲಂ ಖಾಲಿ ಉಳಿದರೆ ವಾಕ್ಯವೂ ಖಾಲಿ. 'ಸರ್ಕಾರ' ಅಂತ ತುಂಬಿಸುವವರಿಗೆ ಅರ್ಧ ಅಂಕ, ಯಾವ ಇಲಾಖೆ ಅಂತ ಬರೆದವರಿಗೆ ಪೂರ್ತಿ.

ಹಗ್ಗ ಅಂದರೆ ಉಪಾಯ. ಯಾವುದರಿಂದ ಹಿಡಿಯುತ್ತೀರಿ? ಕಬ್ಬಿನ ಹಂಗಾಮಿನ ಉದಾಹರಣೆ ನೋಡಿ. ಎರಡೆರಡು ಟ್ರೇಲರ್ ಎಳೆದುಕೊಂಡು, ಟೇಪು ಜೋರಾಗಿ ಹಚ್ಚಿಕೊಂಡು ರಾತ್ರಿ ಹೋಗುವ ಟ್ರ್ಯಾಕ್ಟರುಗಳು ಮುಧೋಳ, ಜಮಖಂಡಿ, ಅಥಣಿ ಕಡೆಯವರಿಗೆ ಗೊತ್ತಿರುವ ಭಯ. 'ಟ್ರ್ಯಾಕ್ಟರ್‌ಗಳ ಓಟಕ್ಕೆ ಕಡಿವಾಣ ಹಾಕಬೇಕಾಗಿದೆ' ಅಂದರೆ ಏನೂ ಹೇಳಿದಂತಾಗಲಿಲ್ಲ. 'ಹಿಂದೆ ರಿಫ್ಲೆಕ್ಟರ್ ಪಟ್ಟಿ ಇಲ್ಲದ ಟ್ರೇಲರಿನ ಕಬ್ಬನ್ನು ತೂಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಕಾರ್ಖಾನೆಗಳು ಹೇಳಿದರೆ ಈ ಓಟಕ್ಕೆ ಕಡಿವಾಣ ಬೀಳುತ್ತದೆ.' ಕುದುರೆ ಇದೆ, ಸವಾರ ಇದ್ದಾನೆ, ಹಗ್ಗವೂ ಕೈಯಲ್ಲಿದೆ.

ಹಂತ 4: ವಿಭಕ್ತಿ ಮತ್ತು ಕ್ರಿಯಾಪದ ಜೋಡಿಸಿ

ವಿಭಕ್ತಿಯ ನಿಯಮ ಒಂದೇ: ಯಾವುದ'ಕ್ಕೆ' ಕಡಿವಾಣ. 'ಖರ್ಚಿಗೆ ಕಡಿವಾಣ ಹಾಕು' ಸರಿ. 'ಖರ್ಚನ್ನು ಕಡಿವಾಣ ಹಾಕು' ತಪ್ಪು. ಉದ್ದನೆಯ ವಾಕ್ಯದಲ್ಲಿ 'ಇದನ್ನು' ಅಂತ ಶುರು ಮಾಡಿ ಕೊನೆಗೆ ಕಡಿವಾಣಕ್ಕೆ ಬಂದು ಸಿಕ್ಕಿಬೀಳುವವರು ಬಹಳ. ವಾಕ್ಯ ಚಿಕ್ಕದು ಮಾಡಿದರೆ ಈ ತಪ್ಪು ತಾನಾಗಿಯೇ ಹೋಗುತ್ತದೆ.

ಕ್ರಿಯಾಪದಕ್ಕೆ ಮೊದಲ ಹಂತದ ಕಬ್ಬಿಣ ಮತ್ತು ಹಗ್ಗ ನೆನಪಿಸಿಕೊಳ್ಳಿ. ಕಬ್ಬಿಣವನ್ನು ಹಾಕಬಹುದು, ತೊಡಿಸಬಹುದು, ತೆಗೆಯಬಹುದು. ಹಗ್ಗವನ್ನು ಹಿಡಿಯಬಹುದು, ಎಳೆಯಬಹುದು, ಬಿಗಿ ಮಾಡಬಹುದು, ಸಡಿಲ ಬಿಡಬಹುದು. ಹಾಗಾಗಿ 'ಕಡಿವಾಣ ಹಾಕಿದರು', ಆದರೆ 'ಲಗಾಮು ಬಿಗಿ ಹಿಡಿದರು'. 'ಕಡಿವಾಣ ಸಡಿಲಿಸಿದರು' ಅಂದರೆ ಕಬ್ಬಿಣ ಸಡಿಲವಾಗುವುದು ಹೇಗೆ ಎಂದು ಓದುಗ ಎಡವುತ್ತಾನೆ. ಲಗಾಮು ಸಡಿಲಿಸಿ.

'ಕಡಿವಾಣ ಹೇರು', 'ಕಡಿವಾಣ ಒಡ್ಡು' ಇವು ಬೇರೆ ಮನೆಯಿಂದ ಬಂದವು. ಹೇರುವುದು ತೆರಿಗೆಯನ್ನು, ಹೊರೆಯನ್ನು. ಒಡ್ಡುವುದು ಸವಾಲನ್ನು, ಕೈಯನ್ನು.

ತಾನಾಗಿಯೇ ಆದದ್ದಕ್ಕೆ 'ಬೀಳು' ಬಳಸಿ: 'ಮದುವೆಯ ದುಂದುವೆಚ್ಚಕ್ಕೆ ಕಡಿವಾಣ ಬಿತ್ತು.' ತನಗೆ ತಾನೇ ಮಾಡಿಕೊಂಡದ್ದಕ್ಕೆ 'ಕೊಳ್ಳು' ಸೇರಿಸಿ: 'ಮಾತಿಗೆ ಕಡಿವಾಣ ಹಾಕಿಕೊಂಡಳು.' ಈ 'ಕೊಳ್ಳು' ತುಂಬ ಕೆಲಸ ಮಾಡುತ್ತದೆ. ಬೇರೆಯವರು ಬಾಯಿ ಮುಚ್ಚಿಸುವುದಕ್ಕೂ ತಾನೇ ತಡೆದುಕೊಳ್ಳುವುದಕ್ಕೂ ಇರುವ ಅಂತರ ಅಷ್ಟರಲ್ಲೇ ತಿಳಿಯುತ್ತದೆ.

ಅತಿ ದೊಡ್ಡ ತಪ್ಪು ಈಗ ಬರುತ್ತದೆ. 'ಅಪಘಾತಗಳ ತಡೆಗೆ ಕಡಿವಾಣ ಹಾಕಬೇಕು.' ಬರೆದವರಿಗೆ ಗೊತ್ತಾಗುವುದಿಲ್ಲ, ಮೂರು ಸಲ ಓದಿದರೂ ಗೊತ್ತಾಗುವುದಿಲ್ಲ. ಕಡಿವಾಣ ಬಿದ್ದದ್ದು ಅಪಘಾತಕ್ಕಲ್ಲ, ತಡೆಗೆ! ತಡೆಯುವ ಕೆಲಸ ಕಡಿಮೆ ಮಾಡಿ ಅಂದ ಹಾಗಾಯಿತು. 'ನಿಯಂತ್ರಣಕ್ಕೆ ಕಡಿವಾಣ', 'ನಿರ್ಮೂಲನೆಗೆ ಕಡಿವಾಣ', 'ನಿವಾರಣೆಗೆ ಕಡಿವಾಣ' ಎಲ್ಲವೂ ಇದೇ ಜಾತಿ. ಪತ್ತೆ ಹಚ್ಚುವ ಉಪಾಯ: 'ಕಡಿವಾಣ' ಪದದ ಮೇಲೆ ಬೆರಳಿಟ್ಟು ಅದರ ಹಿಂದಿನ ಒಂದೇ ಪದ ಓದಿ. ಆ ಪದವೇ ನಿಮ್ಮ ಕುದುರೆ. ಅಲ್ಲಿ 'ತಡೆಗೆ' ಅಂತಿದ್ದರೆ ಎರಡರಲ್ಲಿ ಒಂದನ್ನು ಹೊಡೆದು ಹಾಕಿ.

ಕಾಗುಣಿತ ಬೇಗ ಹೇಳಿಬಿಡುತ್ತೇನೆ. ಕಡಿವಾಣ, ಕೊನೆಯಲ್ಲಿ ಣ. ಕಡಿವಾನ ಅಲ್ಲ, ಕಡೆವಾಣ ಅಲ್ಲ. ಲಗಾಮು, ಮಹಾಪ್ರಾಣ ಬೇಡ.

'ಲಂಗುಲಗಾಮು' ಎಂಬ ಜೋಡಿಪದ 'ಇಲ್ಲ' ಎಂಬ ಮಾತಿನ ಜೊತೆಗೆ ಮಾತ್ರ ಬರುತ್ತದೆ. 'ಲಂಗುಲಗಾಮಿಲ್ಲದೆ ಮಾತಾಡಿದ' ಸರಿ. 'ಲಂಗುಲಗಾಮು ಹಾಕಿದ' ಅಂತ ಯಾರೂ ಅನ್ನುವುದಿಲ್ಲ.

ಹಂತ 5: ಬೇರೆ ಪ್ರಾಣಿಯ ಹಗ್ಗ ತರಬೇಡಿ

ಒಂದೇ ಪದ ಮತ್ತೆ ಮತ್ತೆ ಬಂತು ಅಂತ ಬೇಸರವಾದಾಗ ವಿದ್ಯಾರ್ಥಿಗಳು ಮೂಗುದಾರ, ಅಂಕುಶ, ಬ್ರೇಕ್ ತಂದು ತುರುಕುತ್ತಾರೆ. ಎಲ್ಲ ಒಂದೇ ಅಲ್ವಾ ಅಂತ. ಅಲ್ಲ.

ಮೂಗುದಾರ ಎತ್ತಿನದು. ಅದಕ್ಕೊಂದು ಬಲವಂತದ ಛಾಯೆ ಇದೆ. ಚುಚ್ಚಿ ಹಾಕಿದ ಹಗ್ಗ, ಒಮ್ಮೆ ಹಾಕಿದರೆ ಹಗಲು ರಾತ್ರಿ ಇರುತ್ತದೆ. ತಿರುಗಾಡುವ ಮಗನಿಗೆ ಮದುವೆ ಮಾಡಿದಾಗ 'ಮೂಗುದಾರ ಹಾಕಿದ್ರು' ಎಂದು ನಗುವುದು ಇದಕ್ಕೇ. ಬೆಳಗಾವಿಯ ಮರಾಠಿ ಮಾತಾಡುವ ಗೆಳೆಯರು ಇದೇ ಅರ್ಥಕ್ಕೆ ವೇಸಣ ಎನ್ನುತ್ತಾರೆ, ಅದೂ ಎತ್ತಿನ ಮೂಗಿನ ಹಗ್ಗವೇ. ಹಣಕಾಸು ನೀತಿಯ ಪ್ರಬಂಧದಲ್ಲಿ ಮೂಗುದಾರ ಬಂದರೆ ನಗು ಬರುತ್ತದೆ, ಬೈಗುಳದ ಬರಹದಲ್ಲಿ ಬಂದರೆ ರುಚಿ ಬರುತ್ತದೆ.

ಅಂಕುಶ ಆನೆಯದು. ತನಗಿಂತ ಎಷ್ಟೋ ದೊಡ್ಡದಾದ ಶಕ್ತಿಯನ್ನು ಚಿಕ್ಕ ಸಾಧನದಿಂದ ಅಂಕೆಯಲ್ಲಿಡುವಾಗ ಅದು ಹೊಂದುತ್ತದೆ: ಅಧಿಕಾರಕ್ಕೆ ಅಂಕುಶ. ಮನೆಯ ಖರ್ಚಿಗೆ ಅಂಕುಶ ಬೇಡ, ಅಷ್ಟು ದೊಡ್ಡ ಆನೆ ನಮ್ಮ ಮನೆಯಲ್ಲಿಲ್ಲ.

ಬ್ರೇಕ್ ಹಾಕಿದರೆ ಗಾಡಿ ನಿಲ್ಲುತ್ತದೆ. 'ಯೋಜನೆಗೆ ಬ್ರೇಕ್ ಬಿತ್ತು' ಅಂದರೆ ಯೋಜನೆ ನಿಂತಿತು. 'ಯೋಜನೆಯ ಖರ್ಚಿಗೆ ಕಡಿವಾಣ ಬಿತ್ತು' ಅಂದರೆ ಯೋಜನೆ ನಡೆಯುತ್ತಿದೆ.

ಹದ್ದುಬಸ್ತು ನನಗೆ ಇಷ್ಟದ ಪದ, ಪ್ರಬಂಧದಲ್ಲಿ ಯಾರೂ ಬಳಸುವುದಿಲ್ಲ. ಅದು ಜಮೀನಿನ ಗಡಿ ಗುರುತಿಸುವ ಮಾತು. ಇವತ್ತಿಗೂ ಹೊಲದ ಬದುವಿನ ತಕರಾರು ಬಂದರೆ ಸರ್ವೆ ಕಚೇರಿಗೆ ಹದ್ದುಬಸ್ತಿನ ಅರ್ಜಿ ಕೊಡುತ್ತೇವೆ. ಹಾಗಾಗಿ ಓಟ ಮುಖ್ಯವಲ್ಲದೆ ಗೆರೆ ಮುಖ್ಯವಾದಲ್ಲಿ, ಉದಾಹರಣೆಗೆ ರಸ್ತೆಗೆ ಚಾಚಿಕೊಂಡ ಅಂಗಡಿಗಳ ವಿಷಯದಲ್ಲಿ, 'ಹದ್ದುಬಸ್ತಿನಲ್ಲಿಡು' ಎನ್ನುವುದು ಕಡಿವಾಣಕ್ಕಿಂತ ಚೆನ್ನಾಗಿ ಕೂರುತ್ತದೆ.

ಒಂದೇ ವಾಕ್ಯದಲ್ಲಿ ಎರಡು ಪ್ರಾಣಿ ಬರುವಂತಿಲ್ಲ. 'ಮೂಗುದಾರದ ಕಡಿವಾಣ' ಅಂತ ಬರೆದಿದ್ದನ್ನೂ ನೋಡಿದ್ದೇನೆ.

ಹಂತ 6: ಇಂಗ್ಲಿಷಿನಿಂದ ತರುವಾಗ ಕಿವಿ ನಂಬಬೇಡಿ

ಪಿಎಸ್‌ಐ ಪರೀಕ್ಷೆಯ 50 ಅಂಕಗಳ ಮೊದಲ ಪತ್ರಿಕೆಯಲ್ಲಿ ಪ್ರಬಂಧ, ಸಾರಾಂಶದ ಜೊತೆ ಅನುವಾದವೂ ಇರುತ್ತದೆ. ಇಲ್ಲಿ 'ರೇನ್' ಎಂಬ ಸದ್ದು ಮೂರು ಪದಗಳದ್ದು: ಮಳೆ, ಆಳ್ವಿಕೆ, ಲಗಾಮು. ಕೇಳಲು ಮೂರೂ ಒಂದೇ, ಬರೆಯುವಾಗ ಬೇರೆ. ನಡುವೆ 'ಜಿ' ಅಕ್ಷರ ಇದ್ದರೆ ಆಳ್ವಿಕೆ. 'ಇ' ನಂತರ 'ಐ' ಇದ್ದು 'ಜಿ' ಇಲ್ಲದಿದ್ದರೆ ಲಗಾಮು. ಇಂಗ್ಲಿಷ್ ಬರೆಯುವವರೇ ಎಷ್ಟೋ ಸಲ 'ರೇನ್ ಇನ್' ಎಂಬಲ್ಲಿ ಆಳ್ವಿಕೆಯ ಕಾಗುಣಿತ ಹಾಕಿಬಿಡುತ್ತಾರೆ. ನೀವು ಕಾಗುಣಿತವನ್ನಷ್ಟೇ ನಂಬದೆ ವಾಕ್ಯವನ್ನೂ ನೋಡಿ. ಖರ್ಚು, ಬೆಲೆ, ವೇಗದ ಮಾತಿದ್ದರೆ ಅದು ಲಗಾಮೇ.

'ಫ್ರೀ ರೇನ್' ತಿರುವುಮುರುವು. ಲಗಾಮನ್ನು ಸಡಿಲ ಬಿಡುವುದು, ಇಷ್ಟ ಬಂದಂತೆ ಮಾಡಲು ಬಿಡುವುದು. ಒಬ್ಬ 'ಉಚಿತ ಮಳೆ' ಅಂತ ಬರೆದಿದ್ದ. ಬರಗಾಲದ ಜಿಲ್ಲೆಯವನು, ಆಸೆ ಇರುತ್ತದೆ ಬಿಡಿ. 'ಪೂರ್ತಿ ಸ್ವಾತಂತ್ರ್ಯ ಕೊಟ್ಟರು' ಅಂದರೆ ಮುಗಿಯಿತು, ಕುದುರೆಯನ್ನು ಕರೆತರಲೇಬೇಕೆಂದಿಲ್ಲ.

'ಕರ್ಬ್' ಕೂಡ ಕುದುರೆಯ ಸಾಮಾನೇ. ಒಂದು ಬಗೆಯ ಕಡಿವಾಣದಲ್ಲಿ ದವಡೆಯ ಕೆಳಗೆ ಸರಪಳಿ ಇರುತ್ತದೆ, ಲಗಾಮು ಎಳೆದರೆ ಅದು ಒತ್ತುತ್ತದೆ. ಅದಕ್ಕೆ ಕಡಿವಾಣ ಅಂತ ಧೈರ್ಯವಾಗಿ ಬರೆಯಿರಿ. ಆದರೆ 'ಅಧಿಕಾರದ ರೇನ್ಸ್ ಹಿಡಿದರು' ಅಂತ ಬಂದಾಗ ಕಡಿವಾಣ ಬೇಡ. ನಮ್ಮಲ್ಲಿ ರೂಢಿಯಾದದ್ದು 'ಚುಕ್ಕಾಣಿ ಹಿಡಿದರು'. ಕುದುರೆ ಹೋಗಿ ದೋಣಿ ಬಂತು, ಆದರೆ ಕನ್ನಡದ ಕಿವಿಗೆ ಅದೇ ಹಿತ. 'ಹೋಲ್ಡ್ ಯುವರ್ ಹಾರ್ಸಸ್' ಬಂದರೆ 'ನಿನ್ನ ಕುದುರೆಗಳನ್ನು ಹಿಡಿ' ಅಂತ ಬರೆಯಬೇಡಿ ಮಾರಾಯರೇ. 'ತಡಿ, ಅವಸರ ಬೇಡ' ಅಷ್ಟೇ.

ಹಂತ 7: ಎಣಿಸಿ, ಉಳಿದದ್ದನ್ನು ಅಳಿಸಿ

ಇಷ್ಟೆಲ್ಲ ಆದ ಮೇಲೂ ಒಂದು ಪ್ರಬಂಧದಲ್ಲಿ ಕಡಿವಾಣ ಒಮ್ಮೆ ಬಂದರೆ ಸಾಕು. ಎರಡು ಸಲ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಟಾಂಗಾದವರೂ ಹೀಗೇ. ಲಗಾಮನ್ನು ಸದಾ ಎಳೆದೇ ಹಿಡಿದರೆ ಕುದುರೆಯ ಬಾಯಿ ಜಡ್ಡುಗಟ್ಟುತ್ತದೆ, ಆಮೇಲೆ ಎಷ್ಟು ಎಳೆದರೂ ಕೇಳುವುದಿಲ್ಲ. ಉಳಿದ ಕಡೆ ಕಡಿಮೆ ಮಾಡು, ತಗ್ಗಿಸು, ಹಿಡಿತದಲ್ಲಿಡು, ಮಿತಿ ಹಾಕು ಅಂತ ಬರೆಯಿರಿ.

ಕೊನೆಯ ಸಾಲಿನಲ್ಲಿ ಕಡಿವಾಣ ಇದ್ದರೆ ಮೊದಲು ಅದನ್ನೇ ಅಳಿಸಿ. ಅಲ್ಲಿ ಅದು ಹತ್ತರಲ್ಲಿ ಒಂಬತ್ತು ಸಲ ಹೇಳಲು ಏನೂ ಉಳಿಯದಾಗ ಬಂದು ಕೂತದ್ದು.

ಒಂದು ಪ್ಯಾರಾ ತಿದ್ದಿ ನೋಡೋಣ

ಮೇಲೆ ಹೇಳಿದ ಕಟ್ಟಿನಲ್ಲಿದ್ದ ಒಂದು ಪ್ಯಾರಾ, ಬರೆದ ಹುಡುಗನ ಒಪ್ಪಿಗೆ ಪಡೆದು:

'ಇಂದಿನ ಆಧುನಿಕ ಯುಗದಲ್ಲಿ ಶಬ್ದ ಮಾಲಿನ್ಯವು ಬೆಳೆಯುತ್ತಿದ್ದು ಇದನ್ನು ಕಡಿವಾಣ ಹಾಕುವ ಅವಶ್ಯಕತೆ ಇದೆ. ಡಿಜೆ ಹಾವಳಿ ತಡೆಗೆ ಸರ್ಕಾರ ಕಡಿವಾಣ ಹೇರಬೇಕು. ರಾತ್ರಿ ವೇಳೆ ಧ್ವನಿವರ್ಧಕಗಳಿಗೂ ಕಡಿವಾಣ ಬಿಗಿಗೊಳಿಸಬೇಕಾಗಿದೆ.'

ಮೊದಲ ವಾಕ್ಯದಲ್ಲಿ 'ಇದನ್ನು', ನಾಲ್ಕನೇ ಹಂತದ ತಪ್ಪು. ಎರಡನೆಯದರಲ್ಲಿ ಕಡಿವಾಣ ಬಿದ್ದದ್ದು ತಡೆಗೆ, ಜೊತೆಗೆ 'ಹೇರು'. ಮೂರನೆಯದರಲ್ಲಿ ಎರಡನೇ ಹಂತದ ಪ್ರಶ್ನೆ ಕೇಳಿಕೊಂಡೇ ಇಲ್ಲ: ರಾತ್ರಿ ಸದ್ದು ಕಡಿಮೆಯಾಗಬೇಕೋ, ನಿಲ್ಲಬೇಕೋ? ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮಗಳನ್ನು ಮುಂದಿಟ್ಟುಕೊಂಡು ಇಬ್ಬರೂ ಕೂತು ಮತ್ತೆ ಬರೆದೆವು:

'ಹಬ್ಬದ ಮೆರವಣಿಗೆಯಲ್ಲಿ ಡಿಜೆ ಸದ್ದು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಮನೆಗಳಿರುವ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ. ಪೊಲೀಸರು ಅನುಮತಿ ಪತ್ರದಲ್ಲೇ ಸ್ಪೀಕರ್ ಪೆಟ್ಟಿಗೆಗಳ ಸಂಖ್ಯೆ ನಮೂದಿಸಿದರೆ ಹಗಲಿನ ಸದ್ದಿಗೆ ಕಡಿವಾಣ ಬೀಳುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಚ್ಚುವಂತೆಯೇ ಇಲ್ಲ. ಹಬ್ಬ ಹರಿದಿನಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಲಗಾಮು ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ.'

ಹಗಲಿಗೆ ಕಡಿವಾಣ, ರಾತ್ರಿಗೆ ನಿಷೇಧ, ಹಬ್ಬಕ್ಕೆ ಸಡಿಲ ಲಗಾಮು. ಮೂರು ಕಡಿವಾಣದಲ್ಲಿ ಉಳಿದದ್ದು ಒಂದು.

ಹುಡುಗ ಹಾಳೆ ನೋಡುತ್ತಾ ಕೂತ. 'ಸರ್, ಹಂಗಾರ ಕೊನೀ ಸಾಲು ಏನ್ ಬರೀಲಿ?'

ಹನ್ನೆರಡು ಗಂಟೆ ದಾಟಿದ ಮೇಲೂ ಸದ್ದು ನಿಲ್ಲದಿದ್ದರೆ ಜನ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಬರಿ ಅಂದೆ. 112 ಅಂತ ಬರೆದ.